ಶೈಶವಾಪಸ್ಮಾರದ ಶಸ್ತ್ರಚಿಕಿತ್ಸೆ: ವಿಕಾಸಫಲವನ್ನು ಅಳೆಯುವ ಬಗೆ

೧

ವೈದ್ಯಶಾಸ್ತ್ರದ ಬರೆಹಗಳನ್ನು ವಿಮರ್ಶಿಸುವುದು ವೈದ್ಯರಿಗೆ ಮಾತ್ರ ಸಲ್ಲತಕ್ಕ ಕೆಲಸವೆಂಬ ಅಭಿಪ್ರಾಯವು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿದೆ. ರೋಗನಿದಾನ, ಔಷಧದ ಪ್ರಮಾಣ, ಶಸ್ತ್ರಕ್ರಿಯೆಯ ಕ್ರಮ ಇವುಗಳ ಮಟ್ಟಿಗೆ ಅದು ಒಪ್ಪತಕ್ಕ ಮಾತೇ ಸರಿ. ಆದರೆ ಚಿಕಿತ್ಸೆಯ ಫಲವನ್ನು 'ಬುದ್ಧಿ', 'ವಿಕಾಸ', 'ಸಾಮಾಜಿಕ ಪಕ್ವತೆ' ಎಂಬ ಪದಗಳಿಂದ ವರ್ಣಿಸತೊಡಗಿದೊಡನೆ ವಿಷಯವು ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರಗಳ ಎಲ್ಲೆಯೊಳಗೆ ಬರುತ್ತದೆ. ಆ ಪದಗಳಿಗೆ ಅರ್ಥವೇನು, ಅವನ್ನು ಯಾವ ಕೋಲಿನಿಂದ ಅಳೆದರು, ಚಿಕಿತ್ಸೆಯಾದ ಎಷ್ಟು ಕಾಲದ ಮೇಲೆ ಅಳೆದರು ಎಂದು ಕೇಳುವುದು ಆಗ ನಮ್ಮ ಹಕ್ಕಷ್ಟೇ ಅಲ್ಲ, ಹೊಣೆಯೂ ಆಗುತ್ತದೆ.

ಔಷಧಕ್ಕೆ ಬಗ್ಗದ ಅಪಸ್ಮಾರವನ್ನು ಮಗುವಿನ ಮೊದಲ ಎರಡು ಮೂರು ವರ್ಷಗಳಲ್ಲಿಯೇ ಮಿದುಳಿನ ಶಸ್ತ್ರಚಿಕಿತ್ಸೆಯಿಂದ ನಿವಾರಿಸುವ ಪ್ರಯತ್ನವು ಇಂಥ ವಿಷಯಗಳಲ್ಲೊಂದು. ಶಸ್ತ್ರಚಿಕಿತ್ಸೆಯಿಂದ ಸೆಳವು ನಿಲ್ಲುವುದುಂಟು ಎಂಬುದರಲ್ಲಿ ಈಗ ಹೆಚ್ಚಿನ ವಿವಾದವಿಲ್ಲ. ಸೆಳವು ನಿಂತ ಮೇಲೆ ಮಗುವಿನ ಬೆಳವಣಿಗೆ ಏನಾಗುತ್ತದೆ ಎಂಬುದೇ ಪ್ರಶ್ನೆ. ಅದಕ್ಕೆ ದೊರೆತಿರುವ ಉತ್ತರಗಳನ್ನು, ಉತ್ತರಗಳಿಗಿಂತಲೂ ಹೆಚ್ಚಾಗಿ ಅವನ್ನು ಪಡೆದ ವಿಧಾನವನ್ನು, ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ಪರಿಶೀಲನೆಗೆ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನ ಕದರಮಂಡಲಗಿಯನ್ನು ನಾವು ನಿಂತು ನೋಡುವ ನೆಲೆಯಾಗಿ ಆರಿಸಿಕೊಂಡಿದ್ದೇವೆ. ಅದಕ್ಕೆ ಎರಡು ಕಾರಣಗಳಿವೆ. ಬೆಂಗಳೂರಿನಿಂದ ಸುಮಾರು ೩೦೦ ಕಿಲೋಮೀಟರು ದೂರದಲ್ಲಿರುವ, ಮೆಣಸಿನಕಾಯಿಯ ಸೀಮೆಯ ಈ ಊರು ಉತ್ತರ ಕರ್ನಾಟಕದ ಸಾವಿರಾರು ಹಳ್ಳಿಗಳ ಸ್ಥಿತಿಗೆ ಪ್ರಾತಿನಿಧಿಕವಾಗಿದೆ ಎಂಬುದು ಮೊದಲನೆಯದು. ಎರಡನೆಯದು ಹೆಚ್ಚು ಮುಖ್ಯವಾದುದು. ಭಾರತದಲ್ಲಿ ಈ ವಿಷಯವಾಗಿ ನಡೆದ ಅತಿ ಮಹತ್ತ್ವದ ಪ್ರಯೋಗವೊಂದರಲ್ಲಿ ಮಕ್ಕಳ ಬುದ್ಧಿಯನ್ನು ಅಳೆಯಲು ಬಳಸಿದ ಮಾಪಕವು ಮೂಲತಃ ಇದೇ ಸೀಮೆಯ ಕನ್ನಡ ಮಕ್ಕಳಿಗಾಗಿ ಸಿದ್ಧವಾದುದು. ಅದರ ಗುಣದೋಷಗಳನ್ನು ವಿಚಾರಿಸುವುದು ನಮಗೆ ಹೊರಗಿನ ಕೆಲಸವಲ್ಲ.

೨

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಆಯುರ್ವೇದವು 'ಅಪಸ್ಮಾರ' ಎಂದು ಕರೆದುದು ಸ್ಮೃತಿ ಅಳಿಯುವುದನ್ನು ಲಕ್ಷಿಸಿ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹೇಳಿರುವ ಒಂಬತ್ತು ಬಾಲಗ್ರಹಗಳಲ್ಲಿ ಸ್ಕಂದಾಪಸ್ಮಾರವೂ ಒಂದು. ಕೂಸುಗಳಿಗೆ ಬರುವ ಸೆಳವನ್ನು ದೊಡ್ಡವರ ಮೂರ್ಛೆಯಿಂದ ಬೇರೆಯಾಗಿ ನೋಡಬೇಕೆಂಬ ತಿಳಿವು ಪ್ರಾಚೀನರಲ್ಲಿ ಇದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆಧುನಿಕ ವೈದ್ಯವು ಈ ಭೇದವನ್ನು ಗುರುತಿಸಿದ್ದು ೧೮೪೧ರಲ್ಲಿ. ಆ ವರ್ಷ ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ ತನ್ನ ಸ್ವಂತ ಮಗನಿಗೆ ಬಂದಿದ್ದ ವಿಚಿತ್ರ ಸೆಳವನ್ನು 'ಲ್ಯಾನ್ಸೆಟ್' ಪತ್ರಿಕೆಗೆ ಬರೆದು ತಿಳಿಸಿದನು. ಕೂಸು ತಲೆಯನ್ನು ಮುಂದಕ್ಕೆ ಬಾಗಿಸಿ, ಕೈಕಾಲುಗಳನ್ನು ಒಮ್ಮೆಲೆ ಸೆಟೆಸಿ ಮತ್ತೆ ಸಡಿಲುಗೊಳ್ಳುವುದು, ಹೀಗೆ ಹತ್ತಾರು ಬಾರಿ ಒಂದರ ಹಿಂದೊಂದು ನಡೆಯುವುದು ಇದರ ಲಕ್ಷಣ. ನಮಸ್ಕರಿಸಿದಂತೆ ತೋರುವುದರಿಂದ ಅಂದಿನ ವೈದ್ಯರು ಇದಕ್ಕೆ 'ಸಲಾಮ್ ಸೆಳೆತ'ವೆಂದು ಹೆಸರಿಟ್ಟರು; ಇಂದು ವೆಸ್ಟ್ ಸಿಂಡ್ರೋಮ್ ಎನ್ನುತ್ತಾರೆ. ಸಾಮಾನ್ಯವಾಗಿ ಮೂರನೆಯ ತಿಂಗಳಿಂದ ಹನ್ನೆರಡನೆಯ ತಿಂಗಳೊಳಗೆ ಇದು ಕಾಣಿಸಿಕೊಳ್ಳುತ್ತದೆ. ನಿದ್ದೆಯಿಂದ ಎದ್ದ ಹೊತ್ತಿನಲ್ಲಿ ಹೆಚ್ಚು. ಬಾಯಲ್ಲಿ ನೊರೆ ಬರುವುದಿಲ್ಲ, ಮಗು ಬಹಳ ಹೊತ್ತು ಎಚ್ಚರ ತಪ್ಪುವುದಿಲ್ಲ. ಆದಕಾರಣ ಮನೆಯವರು ಇದನ್ನು ಹೊಟ್ಟೆನೋವೆಂದೋ ಬೆಚ್ಚಿಬೀಳುವುದೆಂದೋ ತಿಳಿಯುವುದು ಸಹಜ. ನೋಟಕ್ಕೆ ಇಷ್ಟು ಸೌಮ್ಯವಾದ ಈ ಸೆಳವು ಪರಿಣಾಮದಲ್ಲಿ ಅತಿ ಕ್ರೂರವಾದುದು. ಅದರೊಂದಿಗೆ ಮಗು ನಗುವುದನ್ನು, ಮುಖ ನೋಡುವುದನ್ನು, ಕತ್ತು ನಿಲ್ಲಿಸುವುದನ್ನು ಮರೆಯತೊಡಗುತ್ತದೆ.

ಇದಕ್ಕೆ ಕಾರಣವು ಸೆಳವಿನ ಹೊಡೆತವಷ್ಟೇ ಅಲ್ಲ. ಎರಡು ಸೆಳವುಗಳ ನಡುವಣ ಕಾಲದಲ್ಲಿಯೂ ಮಿದುಳಿನ ವಿದ್ಯುತ್ ಚಟುವಟಿಕೆ ಅಸ್ತವ್ಯಸ್ತವಾಗಿರುತ್ತದೆ. ವಿದ್ಯುತ್‌ಲೇಖದಲ್ಲಿ ಕಾಣುವ ಈ ಗೊಂದಲದ ಚಿತ್ರಕ್ಕೆ ಹಿಪ್ಸರಿದ್ಮಿಯವೆಂದು ಹೆಸರು. ನರತಂತುಗಳ ಜೋಡಣೆ ಅತಿ ವೇಗವಾಗಿ ನಡೆಯುವ ತಿಂಗಳುಗಳಲ್ಲಿಯೇ ಈ ಗೊಂದಲವು ಮಿದುಳನ್ನೆಲ್ಲ ಆವರಿಸುತ್ತದೆ. ಮಿದುಳಿನ ಒಂದು ಭಾಗದ ದೋಷವು ಉಳಿದ ಆರೋಗ್ಯವಂತ ಭಾಗವನ್ನೂ ಕಲಿಯಗೊಡುವುದಿಲ್ಲ. ಶಸ್ತ್ರಚಿಕಿತ್ಸೆಯ ತರ್ಕವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ: ಕೆಟ್ಟ ಭಾಗವನ್ನು ತೆಗೆದರೆ ಅಥವಾ ಅದರ ಸಂಬಂಧವನ್ನು ಕಡಿದರೆ ಒಳ್ಳೆಯ ಭಾಗಕ್ಕೆ ಬಿಡುಗಡೆಯಾದೀತು.

ಆದರೆ ಎಲ್ಲ ಶೈಶವಾಪಸ್ಮಾರವೂ ಶಸ್ತ್ರಸಾಧ್ಯವಲ್ಲ. ಎ.ಸಿ.ಟಿ.ಎಚ್., ಪ್ರೆಡ್ನಿಸೊಲೋನ್, ವಿಗಾಬಟ್ರಿನ್ ಎಂಬ ಔಷಧಗಳಿಂದ ಸಲಾಮ್ ಸೆಳೆತವು ಅನೇಕ ಮಕ್ಕಳಲ್ಲಿ ನಿಲ್ಲುತ್ತದೆ. ಪಿರಿಡಾಕ್ಸಿನ್ ಎಂಬ ಜೀವಸತ್ತ್ವವನ್ನು ಕೊಟ್ಟರೆ ಮಾತ್ರ ಹತೋಟಿಗೆ ಬರುವ ಅಪರೂಪದ ಬಗೆಯೊಂದಿದೆ. ಅದನ್ನು ಮೊದಲು ಪರೀಕ್ಷಿಸಿ ನೋಡಬೇಕು. ಡ್ರಾವೇ ಸಿಂಡ್ರೋಮಿನಂಥ ಆನುವಂಶಿಕ ಬಗೆಗಳಲ್ಲಿ ತೆಗೆದುಹಾಕಲು ಒಂದು ನಿಶ್ಚಿತ ಜಾಗವೇ ಇರುವುದಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ತೀರ ಇಳಿದುದರಿಂದ ಮಿದುಳಿನ ಹಿಂಭಾಗವು ಎರಡೂ ಕಡೆ ಕೆಡುವುದು ನಮ್ಮ ದೇಶದಲ್ಲಿ ಈ ರೋಗಕ್ಕೆ ಒಂದು ಪ್ರಮುಖ ಕಾರಣ. ಅಲ್ಲಿಯೂ ಶಸ್ತ್ರಕ್ಕೆ ಅವಕಾಶ ಕಡಿಮೆ. ಮಿದುಳಿನ ಹೊರಪದರವು ಒಂದೆಡೆ ತಪ್ಪಾಗಿ ರಚನೆಗೊಂಡಿರುವುದು, ಒಂದು ಅರ್ಧಗೋಳವೇ ಅತಿಯಾಗಿ ಬೆಳೆದಿರುವುದು, ಗರ್ಭದಲ್ಲಿಯೋ ಹೆರಿಗೆಯ ಹೊತ್ತಿನಲ್ಲಿಯೋ ಒಂದು ಬದಿಯ ರಕ್ತನಾಳ ಕಟ್ಟಿ ಆ ಭಾಗ ಒಣಗಿರುವುದು, ಸ್ಟರ್ಜ್-ವೆಬರ್ ರೋಗ ಇವೇ ಮುಂತಾದವುಗಳಲ್ಲಿ ಶಸ್ತ್ರಚಿಕಿತ್ಸೆಗೆ ಸ್ಥಾನವಿದೆ. ಸರಿಯಾಗಿ ಆರಿಸಿದ ಎರಡು ಔಷಧಗಳು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಸೋತಾಗ ಅಪಸ್ಮಾರವನ್ನು 'ಔಷಧನಿರೋಧಕ'ವೆಂದು ಎಣಿಸಬೇಕೆಂದು ಅಂತರರಾಷ್ಟ್ರೀಯ ಅಪಸ್ಮಾರ ಸಂಘವು ೨೦೧೦ರಲ್ಲಿ ನಿರ್ಧರಿಸಿತು.

೩

ಈ ಶಸ್ತ್ರಕ್ರಿಯೆಯ ಇತಿಹಾಸದಲ್ಲಿ ನಮ್ಮ ವಿಮರ್ಶೆಗೆ ಬೇಕಾದ ಪಾಠವೊಂದು ಅಡಗಿದೆ. ಮಿದುಳಿನ ಅರ್ಧಗೋಳವನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ಗಂತಿಯ ನಿವಾರಣೆಗಾಗಿ ವಾಲ್ಟರ್ ಡ್ಯಾಂಡಿ ೧೯೨೮ರಲ್ಲಿ ವರದಿ ಮಾಡಿದನು. ಅಪಸ್ಮಾರಕ್ಕಾಗಿ ಇದನ್ನು ೧೯೩೮ರಲ್ಲಿ ಕೆನಡಾದ ಕೆನೆತ್ ಮೆಕೆಂಜಿ ಪ್ರಯೋಗಿಸಿದನು. ದಕ್ಷಿಣ ಆಫ್ರಿಕದ ಕ್ರೈನಾವ್ ೧೯೫೦ರಲ್ಲಿ ಶೈಶವದಲ್ಲಿ ಅರ್ಧಾಂಗವಾಯುವಿಗೆ ತುತ್ತಾದ ಹನ್ನೆರಡು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆ ಈ ಕ್ರಿಯೆ ಜಗತ್ತಿನಲ್ಲೆಲ್ಲ ಹಬ್ಬಿತು. ಸೆಳವು ನಿಂತಿತು, ನಡತೆ ಸುಧಾರಿಸಿತು ಎಂದು ಎಲ್ಲೆಡೆಯಿಂದ ವರದಿಗಳು ಬಂದವು. ಭಾರತವೂ ಹಿಂದೆ ಬೀಳಲಿಲ್ಲ. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡನ ಬಳಿ ಕಲಿತು ಬಂದ ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ೧೯೪೯ರಲ್ಲಿ ನರಶಸ್ತ್ರ ವಿಭಾಗವನ್ನು ಆರಂಭಿಸಿ, ೧೯೫೨ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆಯನ್ನು ಕೈಕೊಂಡರು.

ಹದಿನಾರು ವರ್ಷಗಳು ಕಳೆದ ಮೇಲೆ, ೧೯೬೬ರಲ್ಲಿ, ಒಪ್ಪನ್‌ಹೈಮರ್ ಮತ್ತು ಗ್ರಿಫಿತ್ ಎಂಬ ವೈದ್ಯರು ಬೇರೊಂದು ಸಂಗತಿಯನ್ನು ಬೆಳಕಿಗೆ ತಂದರು. ಅರ್ಧಗೋಳವನ್ನು ತೆಗೆದು ಬರಿದಾದ ಪೊಳ್ಳಿನಲ್ಲಿ ರಕ್ತವು ಸ್ವಲ್ಪಸ್ವಲ್ಪವಾಗಿ ಒಸರುತ್ತಲೇ ಇದ್ದು, ವರ್ಷಗಳಾದ ಮೇಲೆ ರೋಗಿಯ ಪ್ರಾಣಕ್ಕೇ ಎರವಾಗುತ್ತದೆ ಎಂಬುದೇ ಆ ಸಂಗತಿ. ಆ ಕ್ರಿಯೆಯ ಬಳಕೆ ಕುಗ್ಗಿತು. ಮುಂದೆ ೧೯೭೦ರ ದಶಕದಲ್ಲಿ ಥಿಯೊಡೋರ್ ರಾಸ್ಮುಸೆನ್ ಅರ್ಧಗೋಳವನ್ನು ಪೂರ್ತಿ ತೆಗೆಯದೆ, ಉಳಿಸಿದ ಭಾಗಗಳ ಸಂಬಂಧವನ್ನು ಮಾತ್ರ ಕಡಿಯುವ ಮಾರ್ಗವನ್ನು ಕಂಡುಹಿಡಿದನು. ೧೯೯೦ರ ದಶಕದಲ್ಲಿ ಡೆಲಾಲಾಂಡ್, ವಿಲ್ಮ್ಯೂರ್ ಮೊದಲಾದವರು ಇನ್ನೂ ಕಡಿಮೆ ಕೊಯ್ತದಿಂದ ಅದನ್ನು ಸಾಧಿಸಿದರು. ಇಂದು ಮಕ್ಕಳಿಗೆ ಮಾಡುವುದು ಬಹುಮಟ್ಟಿಗೆ ಈ ಬಗೆಯ ವಿಚ್ಛೇದನವನ್ನೇ.

ಇಲ್ಲಿ ಗಮನಿಸತಕ್ಕದ್ದು ಇಷ್ಟು. ಮೊದಲ ವರದಿಗಳು ಸುಳ್ಳಾಗಿರಲಿಲ್ಲ. ಅವು ನೋಡಿದ ಅವಧಿಯೊಳಗೆ ಫಲವು ಒಳ್ಳೆಯದೇ ಆಗಿತ್ತು. ಕೇಡು ಆ ಅವಧಿಯ ಆಚೆಗೆ ಇದ್ದಿತು. ಅಲ್ಪಾವಧಿಯ ಅಳತೆಯು ಕೇಡನ್ನು ಹೀಗೆ ಮರೆಮಾಡಬಲ್ಲುದಾದರೆ, ಒಳಿತನ್ನೂ ಮರೆಮಾಡಬಲ್ಲುದು. ಮುಂದಿನ ವಿಚಾರಕ್ಕೆ ಇದು ಪೀಠಿಕೆ.

೪

ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ನಡೆಸಿದ ಪ್ರಯೋಗದ ವರದಿಯು ೨೦೧೭ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ೧೮ ವರ್ಷ ಮೀರದ, ಔಷಧನಿರೋಧಕ ಅಪಸ್ಮಾರವುಳ್ಳ ೧೧೬ ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ೫೭ ಮಂದಿಗೆ ಶಸ್ತ್ರಚಿಕಿತ್ಸೆಯನ್ನೂ ೫೯ ಮಂದಿಗೆ ಔಷಧವನ್ನು ಮಾತ್ರವೂ ಕೊಟ್ಟು ಹನ್ನೆರಡು ತಿಂಗಳ ತರುವಾಯ ಫಲವನ್ನು ಹೋಲಿಸಲಾಯಿತು. ಮೊದಲ ಗುಂಪಿನಲ್ಲಿ ನೂರಕ್ಕೆ ೭೭ ಮಂದಿ ಸೆಳವಿನಿಂದ ಮುಕ್ತರಾಗಿದ್ದರು. ಎರಡನೆಯದರಲ್ಲಿ ನೂರಕ್ಕೆ ೭ ಮಂದಿ. ಇಷ್ಟು ಸ್ಪಷ್ಟವಾದ ಅಂತರವು ವೈದ್ಯಕೀಯ ಪ್ರಯೋಗಗಳಲ್ಲಿ ಅಪರೂಪ. ಬೆಲೆಯೂ ಕಡಿಮೆಯಾದುದಲ್ಲ: ಶಸ್ತ್ರಚಿಕಿತ್ಸೆ ಪಡೆದವರಲ್ಲಿ ೧೯ ಮಂದಿಗೆ, ಎಂದರೆ ನೂರಕ್ಕೆ ೩೩ರಷ್ಟು ಮಂದಿಗೆ, ಒಂದು ಬದಿಯ ಕೈಕಾಲಿನ ದೌರ್ಬಲ್ಯವೂ ಸೇರಿದಂತೆ ಗಂಭೀರ ತೊಂದರೆಗಳು ಉಂಟಾದವು. ಅರ್ಧಗೋಳದ ಸಂಬಂಧವನ್ನು ಕಡಿದಲ್ಲಿ ಅಂಥ ದೌರ್ಬಲ್ಯವು ಮೊದಲೇ ತಿಳಿದು ಒಪ್ಪಿಕೊಂಡ ನಷ್ಟವೆಂಬುದನ್ನೂ ಹೇಳಬೇಕು.

ವಿಕಾಸದ ಮಾತಿಗೆ ಬಂದಾಗ ಫಲವು ಎರಡಾಗಿ ಸೀಳುತ್ತದೆ. ನಡತೆ, ಜೀವನದ ಗುಣ, ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತೆ ಇವುಗಳ ಮಾಪಕಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪು ಮುಂದಾಯಿತು. ಬಿನೆ-ಕಾಮತ್ ಬುದ್ಧಿಮಾಪಕದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಅವಸರದ ಓದುಗನು ಇದರಿಂದ "ಸೆಳವು ನಿಂತಿತು, ಬುದ್ಧಿ ಬೆಳೆಯಲಿಲ್ಲ" ಎಂದು ತೀರ್ಮಾನಿಸಿಯಾನು. ಆ ತೀರ್ಮಾನವು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ. ಅದನ್ನು ಸಮರ್ಥಿಸಲು ಮಾಪಕದ ಚರಿತ್ರೆಯತ್ತ ತಿರುಗಬೇಕಾಗುತ್ತದೆ.

ಫ್ರಾನ್ಸಿನ ಬಿನೆ ರಚಿಸಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪರಿಷ್ಕೃತವಾದ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ೧೯೩೦ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಅಳವಡಿಸಿದರು. ಅದಕ್ಕೆ 'ಮುಂಬಯಿ-ಕರ್ನಾಟಕ ಪರಿಷ್ಕರಣ'ವೆಂದೇ ಹೆಸರು. ಅವರ ಗ್ರಂಥವು ೧೯೪೦ರಲ್ಲಿ ಪ್ರಕಟವಾಯಿತು. ಆಗ ಕದರಮಂಡಲಗಿಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ೧೯೫೬ರಲ್ಲಿ ಆ ಜಿಲ್ಲೆ ಏಕೀಕೃತ ರಾಜ್ಯಕ್ಕೆ ಬಂದಿತು, ೧೯೯೭ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಆಂಗ್ಲ ಮಕ್ಕಳ ಅಳತೆಯಿಂದ ನಮ್ಮ ಮಕ್ಕಳನ್ನು ತೂಗಬಾರದೆಂದು ಮಾಡಿದ ಈ ಪ್ರಯತ್ನವು ಭಾರತೀಯ ಮನೋಮಾಪನದಲ್ಲಿ ಗೌರವದ ಸ್ಥಾನವನ್ನು ಪಡೆದಿದೆ. ಎಂಟು ದಶಕಗಳ ಮೇಲೆಯೂ ದೆಹಲಿಯ ಆಸ್ಪತ್ರೆಯಲ್ಲಿ ಅದನ್ನು ಬಳಸಿದುದೇ ಅದರ ಬಾಳಿಕೆಗೆ ಸಾಕ್ಷಿ.

ಆದರೆ ಕಾಮತರು ಅದನ್ನು ಮಾಡಿದ್ದು ಕಲಿಯುವ ಮಕ್ಕಳ ತಾರತಮ್ಯವನ್ನು ತಿಳಿಯುವುದಕ್ಕೆ. ಅದರ ಪ್ರಶ್ನೆಗಳು ಮೂರನೆಯ ವರ್ಷದಿಂದ ಆರಂಭವಾಗುತ್ತವೆ. ಮಾತು ಬಾರದ, ಮಾನಸಿಕವಾಗಿ ಮೂರು ವರ್ಷ ತುಂಬದ ಮಗುವಿಗೆ ಈ ಏಣಿಯಲ್ಲಿ ಮೊದಲ ಮೆಟ್ಟಿಲೇ ಇಲ್ಲ. ಅಂಥ ಮಗು ಒಂದು ವರ್ಷದಲ್ಲಿ ಕತ್ತು ನಿಲ್ಲಿಸಿ, ಕುಳಿತು, ತಾಯಿಯ ದನಿಯನ್ನು ಗುರುತಿಸಿ ನಗಲು ಕಲಿತರೂ ಮಾಪಕಕ್ಕೆ ಅದು ಕಾಣದು. ವೈನ್‌ಲ್ಯಾಂಡ್ ಮಾಪಕವಾದರೋ ಹುಟ್ಟಿನಿಂದಲೇ ಎಣಿಸತೊಡಗುತ್ತದೆ: ತಾನಾಗಿ ಹೊರಳುವುದು, ಬಟ್ಟಲಿನಿಂದ ಕುಡಿಯುವುದು ಇಂಥವು ಅದರ ಅಂಶಗಳು. ಒಂದು ಮಾಪಕ ಚಲಿಸಿ ಇನ್ನೊಂದು ಚಲಿಸದೆ ಇದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ನಾವು ಊಹಿಸುತ್ತೇವೆ. ಇದಕ್ಕೆ ಪ್ರತಿಯಾದ ಮಾತೂ ಉಂಟು. ವೈನ್‌ಲ್ಯಾಂಡ್ ಮಾಪಕದ ಉತ್ತರಗಳು ಬಹುಮಟ್ಟಿಗೆ ತಾಯಿತಂದೆಗಳ ಬಾಯಿಂದ ಬರುತ್ತವೆ. ಮಗುವಿಗೆ ಶಸ್ತ್ರಕ್ರಿಯೆಯಾಯಿತೆಂಬುದು ಅವರಿಗೆ ತಿಳಿದೇ ಇರುತ್ತದೆ. ಅವರ ಆಶೆಯು ಉತ್ತರದಲ್ಲಿ ಬೆರೆಯದೆಂದು ಹೇಳಲಾಗದು. ಆದಕಾರಣ ಒಂದು ಮಾಪಕವನ್ನು ಪೂರ್ತಿ ನಂಬಿ ಇನ್ನೊಂದನ್ನು ಬಿಡುವುದೂ ಸರಿಯಲ್ಲ. ಈ ಪ್ರಯೋಗವು ಶಿಶುಗಳಿಗೇ ಮೀಸಲಾದುದಲ್ಲ ಎಂಬುದನ್ನೂ ಮರೆಯಬಾರದು.

೫

ಶಿಶುಗಳ ವಿಷಯದಲ್ಲಿ ಬಳಸುವುದು ಬುದ್ಧಿಲಬ್ಧವನ್ನಲ್ಲ, ವಿಕಾಸಲಬ್ಧವನ್ನು. ಮಗುವಿನ ವಿಕಾಸದ ವಯಸ್ಸನ್ನು ಅದರ ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಯೇ ವಿಕಾಸಲಬ್ಧ. ಅಮೆರಿಕದ ಬೇಲಿ ಮಾಪಕ, ಪ್ರಮೀಳಾ ಫಾಟಕ್ ಅವರು ಬರೋಡದಲ್ಲಿ ಸಿದ್ಧಪಡಿಸಿದ ಭಾರತೀಯ ಶಿಶುಮಾಪಕ, ಮೈಸೂರಿನಲ್ಲಿ ಜೆ. ಭರತರಾಜ್ ಅವರು ರಚಿಸಿದ ವಿಕಾಸಪರೀಕ್ಷೆ ಇವು ಇದಕ್ಕೆ ಉಪಯೋಗಕ್ಕೆ ಬರುತ್ತವೆ. ಈ ಸಂಖ್ಯೆಯನ್ನು ಓದುವಲ್ಲಿ ವಿದ್ಯಾರ್ಥಿಗಳು ಎಡವುವ ಸ್ಥಳವೊಂದಿದೆ. ಅದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸುತ್ತೇವೆ.

ಹನ್ನೆರಡು ತಿಂಗಳ ಮಗುವೊಂದರ ವಿಕಾಸದ ವಯಸ್ಸು ಆರು ತಿಂಗಳೆಂದು ಭಾವಿಸೋಣ. ಅದರ ವಿಕಾಸಲಬ್ಧ ೫೦. ಸೆಳವು ಮುಂದುವರಿದು ಇಪ್ಪತ್ತನಾಲ್ಕನೆಯ ತಿಂಗಳಲ್ಲಿ ವಿಕಾಸದ ವಯಸ್ಸು ಏಳು ತಿಂಗಳಾದರೆ ಲಬ್ಧವು ೨೯ಕ್ಕೆ ಇಳಿಯುತ್ತದೆ. ಅದೇ ಮಗುವಿಗೆ ಹನ್ನೆರಡನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಗಿ, ಇಪ್ಪತ್ತನಾಲ್ಕನೆಯ ತಿಂಗಳಲ್ಲಿ ವಿಕಾಸದ ವಯಸ್ಸು ಹನ್ನೆರಡು ತಿಂಗಳಾಯಿತೆನ್ನೋಣ. ಲಬ್ಧವು ಮತ್ತೆ ೫೦. ವರದಿಯ ಕೋಷ್ಟಕದಲ್ಲಿ ಇದು "ವ್ಯತ್ಯಾಸವಿಲ್ಲ" ಎಂದು ದಾಖಲಾಗುತ್ತದೆ. ಆದರೆ ಈ ಮಗು ಒಂದು ವರ್ಷದಲ್ಲಿ ಆರು ತಿಂಗಳ ಕಲಿಕೆಯನ್ನು ಪಡೆದಿದೆ. ಇನ್ನೊಂದು ಪಡೆದುದು ಒಂದೇ ತಿಂಗಳದು. ಲಬ್ಧವು ಏರದೆ ನಿಲ್ಲುವುದು ಸೋಲಲ್ಲ, ಇಳಿಯುತ್ತಿದ್ದುದು ನಿಂತುದೇ ಗೆಲವು. ಹಾಗೆಯೇ ಲಬ್ಧ ಇಳಿಯಿತೆಂದರೆ ಮಗು ಕಲಿತುದನ್ನು ಮರೆಯಿತೆಂದೂ ಅಲ್ಲ. ಕಾಲವು ಅದನ್ನು ಹಿಂದೆ ಹಾಕಿ ನಡೆಯಿತೆಂದು ಅರ್ಥ. ಆದುದರಿಂದ ಶಸ್ತ್ರಚಿಕಿತ್ಸೆಯ ಫಲವನ್ನು ಸಮವಯಸ್ಕ ಆರೋಗ್ಯವಂತ ಮಕ್ಕಳೊಡನೆ ಹೋಲಿಸುವುದಕ್ಕಿಂತ, ಚಿಕಿತ್ಸೆಗೆ ಮೊದಲು ಆ ಮಗುವೇ ನಡೆಯುತ್ತಿದ್ದ ವೇಗದೊಡನೆ ಹೋಲಿಸುವುದು ನ್ಯಾಯ.

ಈ ದೃಷ್ಟಿಯಿಂದ ನೋಡಿದಾಗ ೨೦೦೭ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಿಂದ ಲೋಡನ್‌ಕೆಂಪರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನಕ್ಕೆ ಬೆಲೆಯಿದೆ. ಮೂರು ವರ್ಷದೊಳಗೆ ಶಸ್ತ್ರಚಿಕಿತ್ಸೆ ಪಡೆದ ೨೪ ಶಿಶುಗಳನ್ನು ಅವರು ಚಿಕಿತ್ಸೆಗೆ ಮೊದಲೂ ತರುವಾಯವೂ ಅಳೆದರು. ಚಿಕಿತ್ಸೆಗೆ ಮುಂಚಿನ ವಿಕಾಸಲಬ್ಧವೇ ತರುವಾಯದ ಲಬ್ಧವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ, ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆಯಾದವರಲ್ಲಿ ಲಬ್ಧದ ಏರಿಕೆ ಹೆಚ್ಚು, ಸಲಾಮ್ ಸೆಳೆತವುಳ್ಳವರು ಕೆಳಮಟ್ಟದಿಂದ ಹೊರಟರೂ ಹೆಚ್ಚು ಏರಿದರು ಎಂಬುವು ಅವರ ನಿರ್ಣಯಗಳು. ಇವುಗಳಲ್ಲಿ ಮೊದಲನೆಯದೂ ಎರಡನೆಯದೂ ಒಂದೇ ಮಾತನ್ನು ಎರಡು ಕಡೆಯಿಂದ ಹೇಳುತ್ತವೆ. ಸೆಳವು ಕಸಿದುಕೊಂಡುದನ್ನು ಶಸ್ತ್ರವು ಹಿಂದಕ್ಕೆ ತಂದುಕೊಡಲಾರದು, ಇನ್ನು ಮುಂದೆ ಕಸಿಯದಂತೆ ತಡೆಯಬಲ್ಲುದು. ಹಾಗಾದರೆ ಫಲವು ಶಸ್ತ್ರಕ್ರಿಯೆಯ ದಿನದಂದು ಮಗುವಿನಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಅವಲಂಬಿಸುತ್ತದೆ.

೬

ಬೇಗನೆ ಮಾಡಿದವರನ್ನೂ ತಡವಾಗಿ ಮಾಡಿದವರನ್ನೂ ನೇರವಾಗಿ ಹೋಲಿಸಿ "ಬೇಗ ಮಾಡುವುದರಿಂದ ಲಾಭವಿಲ್ಲ" ಎನ್ನುವ ವಾದವನ್ನೂ ಇಲ್ಲಿಯೇ ಪರೀಕ್ಷಿಸಬೇಕು. ಆರು ತಿಂಗಳಿಗೇ ಶಸ್ತ್ರಕ್ಕೆ ಬರುವ ಮಗುವಿನ ರೋಗವು ಸಾಮಾನ್ಯವಾಗಿ ಅತಿ ಉಗ್ರವಾದುದು. ಹತ್ತು ವರ್ಷದವರೆಗೆ ಕಾಯಲು ಸಾಧ್ಯವಾದ ಮಗುವಿನ ರೋಗವು ಅಷ್ಟು ಉಗ್ರವಲ್ಲದುದರಿಂದಲೇ ಅಷ್ಟು ಕಾಲ ಕಾಯುವುದು ಸಾಧ್ಯವಾಯಿತು. ಈ ಇಬ್ಬರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಹೋಲಿಸುವುದು ನ್ಯಾಯವಲ್ಲ. ಕಾರಣಭೇದವೂ ಲೆಕ್ಕಕ್ಕೆ ಬರಬೇಕು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದವರು ೨೦೦೪ರಲ್ಲಿ ಪ್ರಕಟಿಸಿದ ೧೧೫ ಅರ್ಧಗೋಳ ಶಸ್ತ್ರಚಿಕಿತ್ಸೆಗಳ ವಿವರದಲ್ಲಿ ಅರ್ಧಗೋಳದ ಅತಿಬೆಳವಣಿಗೆಯುಳ್ಳ ಮಕ್ಕಳ ಫಲವು ಉಳಿದ ಕಾರಣಗಳವರ ಫಲಕ್ಕಿಂತ ಕೆಳಗಿತ್ತು.

ಇದಕ್ಕೆ ಎದುರಾದ ಅತಿವಾದವೂ ಇದೆ: ಒಂದು ವಯಸ್ಸು ಮೀರಿದರೆ ಬಾಗಿಲು ಮುಚ್ಚಿತೆಂಬುದು. ೧೯೯೭ರಲ್ಲಿ ಲಂಡನ್ನಿನಿಂದ ಪ್ರಕಟವಾದ ಒಂದು ವೃತ್ತಾಂತವು ಈ ವಾದವನ್ನು ಸಡಿಲಿಸುತ್ತದೆ. ಸ್ಟರ್ಜ್-ವೆಬರ್ ರೋಗದಿಂದ ಮಾತೇ ಬಾರದಿದ್ದ ಹುಡುಗನೊಬ್ಬನಿಗೆ ಎಂಟು ವರ್ಷ ಕಳೆದ ಮೇಲೆ ಎಡ ಅರ್ಧಗೋಳವನ್ನು ತೆಗೆಯಲಾಯಿತು. ಸೆಳವು ನಿಂತು ಔಷಧವನ್ನು ಬಿಡಿಸಿದ ಬಳಿಕ ಅವನು ಒಂಬತ್ತನೆಯ ವಯಸ್ಸಿನಲ್ಲಿ ಮಾತಾಡತೊಡಗಿದನು. ತಡವಾಗಿ ಬಂದ ಮಗುವನ್ನು ಹಿಂದಕ್ಕೆ ಕಳುಹಿಸಬಾರದೆಂಬುದಕ್ಕೆ ಇದು ಆಧಾರ. ತಡಮಾಡಬಹುದೆಂಬುದಕ್ಕೆ ಆಧಾರವಲ್ಲ.

ಅತಿ ಚಿಕ್ಕ ಶಿಶುಗಳಲ್ಲಿ ಅಪಾಯವು ಹೆಚ್ಚೆಂಬ ಆಕ್ಷೇಪಕ್ಕೆ ಬಲವಿದೆ. ಐದು ಕಿಲೋ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು ೪೦೦ ಮಿಲಿಲೀಟರು. ದೊಡ್ಡವರಲ್ಲಿ ಲೆಕ್ಕಕ್ಕೆ ಬಾರದಷ್ಟು ರಕ್ತಸ್ರಾವವು ಅದಕ್ಕೆ ಪ್ರಾಣಾಂತಿಕವಾದೀತು. ಹೀಗಿದ್ದರೂ ಹುಟ್ಟಿದ ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾದ ೬೪ ಶಿಶುಗಳ ವಿವರವನ್ನು ಹಲವು ದೇಶಗಳ ಕೇಂದ್ರಗಳು ಒಟ್ಟುಗೂಡಿಸಿ ೨೦೨೧ರಲ್ಲಿ ಪ್ರಕಟಿಸಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಶಿಶುಗಳು ಸೆಳವಿನಿಂದ ಮುಕ್ತವಾಗಿದ್ದುದು ತಿಳಿದುಬಂದಿತು. ಇವು ಅನುಭವಿ ಕೇಂದ್ರಗಳ ಫಲಗಳು. ಅನುಭವವಿಲ್ಲದೆಡೆಯಲ್ಲಿಯೂ ಇದೇ ಫಲವನ್ನು ನಿರೀಕ್ಷಿಸಲಾಗದು.

೭

ಈಗ ಕದರಮಂಡಲಗಿಗೆ ಮರಳೋಣ. ಮೇಲಿನ ವಿಚಾರಗಳೆಲ್ಲ ಸರಿಯೆಂದು ಒಪ್ಪಿದರೆ, 'ಬೇಗನೆ' ಎಂಬ ಪದದ ಅರ್ಥವು ಬೆಂಗಳೂರಿನ ಶಸ್ತ್ರಾಗಾರದಲ್ಲಿ ನಿಶ್ಚಯವಾಗುವುದಿಲ್ಲ, ಈ ಊರಿನಲ್ಲಿ ನಿಶ್ಚಯವಾಗುತ್ತದೆ. ಕಾಂತೇಶನೆಂದು ಕರೆಯಿಸಿಕೊಳ್ಳುವ ಇಲ್ಲಿಯ ಆಂಜನೇಯನೂ, ಸಾತೇನಹಳ್ಳಿಯ ಶಾಂತೇಶನೂ, ಶಿಕಾರಿಪುರದ ಭ್ರಾಂತೇಶನೂ ಭಕ್ತರ ಪಾಲಿಗೆ ಒಂದೇ ದಿನ ದರ್ಶನ ಪಡೆಯತಕ್ಕ ಮೂವರು. ಕನಕದಾಸರ ನೆನಪನ್ನೂ ಜನರು ಈ ಗುಡಿಯೊಂದಿಗೆ ಕೂಡಿಸಿದ್ದಾರೆ. ಭಯಬಾಧೆಗಳ ನಿವಾರಣೆಗೆ ಆಂಜನೇಯನ ಮೊರೆಹೋಗುವುದು ನಾಡಿನ ರೂಢಿ. ಮಗುವಿಗೆ ಸೆಳವು ಬಂದ ತಾಯಿಯು ದೇವರಿಗೆ ಹೋಗುವುದನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಆ ಹೋಗುವಿಕೆಗೆ ಒಂದು ದಿನ ಸಾಕು. ತಿಂಗಳುಗಳು ಕಳೆಯುವುದು ಬೇರೆ ಕಡೆ. ಸೆಳವನ್ನು ಸೆಳವೆಂದು ಗುರುತಿಸದಿರುವಲ್ಲಿ, ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟು ಸುಮ್ಮನಾಗುವಲ್ಲಿ, ಬ್ಯಾಡಗಿಯಿಂದ ಹಾವೇರಿಗೆ, ಹಾವೇರಿಯಿಂದ ಹುಬ್ಬಳ್ಳಿಗೋ ದಾವಣಗೆರೆಗೋ, ಅಲ್ಲಿಂದ ಬೆಂಗಳೂರಿಗೆ ಎಂದು ಚೀಟಿ ಬರೆದು ಕಳುಹಿಸುವಲ್ಲಿ, ಒಂದೊಂದು ಕಡೆಯೂ ಔಷಧವನ್ನು ಮೊದಲಿನಿಂದ ಆರಂಭಿಸುವಲ್ಲಿ ಅವು ಕಳೆಯುತ್ತವೆ.

ದೆಹಲಿಯ ಪ್ರಯೋಗದಲ್ಲಿ ಹೋಲಿಕೆಯ ಗುಂಪು ಹೇಗೆ ದೊರೆಯಿತೆಂಬುದನ್ನು ಇಲ್ಲಿ ನೆನೆಯಬೇಕು. ಶಸ್ತ್ರಚಿಕಿತ್ಸೆಗೆ ಯೋಗ್ಯರೆಂದು ನಿಶ್ಚಿತರಾದವರ ಸರದಿ ಅಷ್ಟು ಉದ್ದವಾಗಿದ್ದುದರಿಂದಲೇ ಔಷಧದ ಗುಂಪಿನವರನ್ನು ಒಂದು ವರ್ಷ ಸರದಿಯಲ್ಲಿ ನಿಲ್ಲಿಸಿ ಹೋಲಿಸುವುದು ನ್ಯಾಯಸಮ್ಮತವಾಯಿತು. ಸಂಶೋಧಕರು ಕೊರತೆಯೊಂದನ್ನು ಜ್ಞಾನಕ್ಕೆ ಉಪಯೋಗಿಸಿಕೊಂಡರು, ಅದರಲ್ಲಿ ದೋಷವಿಲ್ಲ. ಆದರೆ ಆ ಸಂಖ್ಯೆಯನ್ನು ನಾವು ಇನ್ನೊಂದು ಬಗೆಯಲ್ಲಿಯೂ ಓದಬೇಕು. ನೂರಕ್ಕೆ ೭ ಎಂಬುದು ಔಷಧದ ಫಲವಷ್ಟೇ ಅಲ್ಲ, ಕಾಯುವುದರ ಫಲವೂ ಹೌದು. ಹದಿನಾಲ್ಕು ವರ್ಷದವನಿಗೆ ಒಂದು ವರ್ಷದ ಕಾಯುವಿಕೆ ಆಯುಸ್ಸಿನ ಹದಿನಾಲ್ಕನೆಯ ಒಂದು ಭಾಗ. ಎಂಟು ತಿಂಗಳ ಕೂಸಿಗೆ ಅದು ಇದುವರೆಗಿನ ಆಯುಸ್ಸಿಗಿಂತ ದೊಡ್ಡದು.

ಶಸ್ತ್ರಚಿಕಿತ್ಸೆಯೇ ಎಲ್ಲಕ್ಕೂ ಮದ್ದೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷಿಸಿದ ನಿಮ್ಹಾನ್ಸ್ ತಜ್ಞರು, ಅಪಸ್ಮಾರವು ನಗರದಲ್ಲಿ ಸಾವಿರಕ್ಕೆ ೫.೭, ಹಳ್ಳಿಗಳಲ್ಲಿ ಸಾವಿರಕ್ಕೆ ೧೧.೯ ಮಂದಿಯಲ್ಲಿದೆಯೆಂದು ಕಂಡರು. ಇವರಲ್ಲಿ ಬಹುಪಾಲು ಜನರಿಗೆ ಬೇಕಾದುದು ಶಸ್ತ್ರವಲ್ಲ, ಅಗ್ಗದ ಔಷಧ. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ನಡೆಸಿ ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನವು ಫಿನೋಬಾರ್ಬಿಟೋನ್, ಫೆನಿಟಾಯಿನ್‌ಗಳಂಥ ಸಾಮಾನ್ಯ ಔಷಧಗಳಿಂದಲೇ ಹಳ್ಳಿಯಲ್ಲಿ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ತೋರಿಸಿಕೊಟ್ಟಿತು. ಆದರೆ ಔಷಧವು ಯಾರಲ್ಲಿ ಸೋಲುತ್ತದೆಂಬುದನ್ನು ಬೇಗ ತಿಳಿಯಬೇಕಾದರೂ ಔಷಧವು ಮೊದಲು ಬೇಗ ಸಿಗಬೇಕು. ಹಳ್ಳಿಯ ಔಷಧ, ನಗರದ ಶಸ್ತ್ರ ಇವು ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ. ಒಂದೇ ದಾರಿಯ ಎರಡು ನಿಲುಗಡೆಗಳು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಸೆಳವಿನ ರೋಗಗಳೂ ಸೇರಿವೆ. ನಿಮ್ಹಾನ್ಸ್ ಸಹಕಾರದಿಂದ ರಾಜ್ಯ ಸರ್ಕಾರವು ೨೦೨೨ರಲ್ಲಿ ಮಿದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿತು. ಈ ದಾರಿಯನ್ನು ಕಿರಿದುಮಾಡುವ ಸಾಧನಗಳು ಹೀಗೆ ರೂಪುಗೊಂಡಿವೆ. ಅಂಗನವಾಡಿ ಕಾರ್ಯಕರ್ತೆಗೆ ಸಲಾಮ್ ಸೆಳೆತದ ಲಕ್ಷಣವೊಂದನ್ನು ಕಲಿಸುವುದು, ಮನೆಯವರು ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ವೈದ್ಯರಿಗೆ ತೋರಿಸುವುದು ಇವಕ್ಕೆ ದುಡ್ಡು ಬೇಕಿಲ್ಲ; ಆದರೆ ಕಳೆದುಹೋಗುವ ತಿಂಗಳುಗಳಲ್ಲಿ ಕೆಲವನ್ನಾದರೂ ಉಳಿಸಬಲ್ಲವು.

೮

ನಮ್ಮ ವಿಮರ್ಶೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಶೈಶವಾಪಸ್ಮಾರದ ಶಸ್ತ್ರಚಿಕಿತ್ಸೆಯಿಂದ ವಿಕಾಸಕ್ಕೆ ಪ್ರಯೋಜನವಿಲ್ಲವೆಂಬ ಮಾತು ಬಹುಮಟ್ಟಿಗೆ ಅಳತೆಯ ದೋಷದಿಂದ ಹುಟ್ಟಿದುದು. ಮೂರು ವರ್ಷ ತುಂಬಿದವರಿಗಾಗಿ ಮಾಡಿದ ಕೋಲು ಕೂಸನ್ನು ಅಳೆಯಲಾರದು. ಹನ್ನೆರಡು ತಿಂಗಳ ಅವಧಿ ವಿಕಾಸದ ಫಲ ಕಾಣಲು ಸಾಲದು. ಸ್ಥಿರವಾಗಿ ನಿಂತ ಲಬ್ಧವನ್ನು ಸೋಲೆಂದು ಓದುವುದು ಗಣಿತದ ತಪ್ಪು ಗ್ರಹಿಕೆ. ಹಾಗೆಂದು ಶಸ್ತ್ರಚಿಕಿತ್ಸೆಯು ಬುದ್ಧಿಯನ್ನು ಬೆಳೆಸುತ್ತದೆಂದು ಹೇಳುವುದೂ ತಪ್ಪೇ. ಅದು ಬೆಳವಣಿಗೆಗೆ ಅಡ್ಡಿಯಾದುದನ್ನು ತೆಗೆಯುತ್ತದೆ. ಬೆಳೆಸುವ ಕೆಲಸವು ತಾಯಿಯದು, ಅಂಗನವಾಡಿಯದು, ಶಾಲೆಯದು.

ಆದಕಾರಣ ಮುಂದಿನ ಅಧ್ಯಯನಗಳು ಪ್ರತಿಯೊಂದು ಮಗುವಿನ ವಿಷಯದಲ್ಲಿ ಮೂರು ತಾರೀಖುಗಳನ್ನು ಬರೆದಿಡಬೇಕೆಂದು ನಾವು ಸೂಚಿಸುತ್ತೇವೆ: ಮೊದಲ ಸೆಳವು ಕಂಡ ದಿನ, ಅದು ಸೆಳವೆಂದು ತಿಳಿದ ದಿನ, ಶಸ್ತ್ರಕ್ರಿಯೆಯ ದಿನ. ಆ ಮೂರರ ನಡುವಣ ಅಂತರಗಳನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಿ, ವಿಕಾಸಫಲದೊಂದಿಗೆ ಒಟ್ಟಿಗೆ ಪ್ರಕಟಿಸಬೇಕು. ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರಗಳ ವಿಭಾಗಗಳಿಗೂ ಇಲ್ಲಿ ಕೆಲಸವಿದೆ. ಕಾಮತರು ಒಂದು ಕಾಲದಲ್ಲಿ ಈ ಸೀಮೆಯ ಶಾಲೆಯ ಮಕ್ಕಳಿಗಾಗಿ ಮಾಡಿದುದನ್ನು ಇಂದಿನ ಹಳ್ಳಿಯ ಕೂಸುಗಳಿಗಾಗಿ ಮಾಡಬೇಕು. ಬ್ಯಾಡಗಿ, ರಾಣೇಬೆನ್ನೂರು, ಹಾವೇರಿಗಳ ತೊಟ್ಟಿಲ ಮಕ್ಕಳು ಯಾವ ತಿಂಗಳಲ್ಲಿ ಏನು ಮಾಡುತ್ತವೆಂಬುದನ್ನು ಅವುಗಳ ತಾಯಂದಿರ ಮಾತಿನಲ್ಲಿಯೇ ಕೇಳಿ ದಾಖಲಿಸಿದ ಮಾಪಕವೊಂದು ಸಿದ್ಧವಾದರೆ, ಇಲ್ಲಿಂದ ಹೊರಟು ಚಿಕಿತ್ಸೆ ಪಡೆದು ಬಂದ ಮಗು ಎಷ್ಟು ಮುಂದೆ ಬಂದಿತೆಂಬುದನ್ನು ಈಗಿನದಕ್ಕಿಂತ ನಂಬಿಕೆಯಿಂದ ಹೇಳಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸವನ್ನು ಕೈಕೊಂಡರೆ ಈ ಲೇಖನದ ಶ್ರಮವು ಸಾರ್ಥಕವಾದಂತೆಯೇ.